ಯಾರ ಪಾಲಿಗೂ ಬಾರದ ಮೊರ

"ಎಲ್ಲರೂ ತಮ್ಮ ತಮ್ಮ ಕೆಲಸವನ್ನು ತಪ್ಪಿಲ್ಲದೆ ಮಾಡಿದ ಮೇಲೂ ಒಟ್ಟು ಕೆಲಸ ಕೆಡುವುದು ಹೇಗೆ, ಗುರುಗಳೇ?"

ಹೀಗೆ ಕೇಳಿದವನು ನಾಗಭೂಷಣ. ಒಂದು ದೊಡ್ಡ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಅವನೇ ಮುಖ್ಯಸ್ಥ. ಬಿಡುವಾದ ಭಾನುವಾರಗಳಲ್ಲಿ ಆಶ್ರಮಕ್ಕೆ ಬಂದು ಗುರುಗಳ ಎದುರು ಕೂರುವುದು ಅವನ ರೂಢಿ. ಆ ದಿನ ನಮಸ್ಕಾರ ಮಾಡಿ ಇನ್ನೂ ಸರಿಯಾಗಿ ಎದ್ದಿರಲಿಲ್ಲ, ಅಷ್ಟರಲ್ಲೇ ಪ್ರಶ್ನೆ ಹಾಕಿದ್ದ.

ಗುರುಗಳು ಮೊರದಲ್ಲಿ ಅವರೆಕಾಳು ಹರಡಿಕೊಂಡು ಹುಳುಕು ಆರಿಸುತ್ತಿದ್ದರು. "ಮೊದಲು ಕೂತುಕೋ. ನೀನು ನಿಂತು ಕೇಳಿದರೆ ನಾನೂ ಎದ್ದು ನಿಂತು ಹೇಳಬೇಕಾಗುತ್ತದೆ. ನನ್ನ ಮಂಡಿಯ ಕತೆ ನಿನಗೆ ಗೊತ್ತಲ್ಲ" ಎಂದರು.

ನಾಗಭೂಷಣ ಕೂತ. ಕೂತು ಬಿಡಿಸಿ ಹೇಳಿದ.

"ನನ್ನ ಕೈಕೆಳಗೆ ನಾಲ್ಕು ತಂಡಗಳಿವೆ. ಒಂದು ತಂಡ ಯಂತ್ರಗಳನ್ನು ನೋಡಿಕೊಳ್ಳುತ್ತದೆ. ಒಂದು ತಂಡ ನೆಟ್‌ವರ್ಕ್ ನೋಡಿಕೊಳ್ಳುತ್ತದೆ. ರೋಗಿಗಳ ವಿವರ ಕಾಪಾಡುವುದಕ್ಕೇ ಬೇರೆ ಜನ ಇದ್ದಾರೆ. ದೂರು ಕೇಳುವವರು ಬೇರೆ. ನನ್ನ ಕೋಣೆಯ ಗೋಡೆಗೆ ಒಂದು ದೊಡ್ಡ ಪರದೆ ಹಾಕಿಸಿದ್ದೇನೆ. ಯಾರ ಕೆಲಸ ಸರಿಯಾಗಿ ನಡೆಯುತ್ತಿದೆಯೋ ಅವರ ಹೆಸರಿನ ಮುಂದೆ ಹಸಿರು ದೀಪ, ಕೆಟ್ಟರೆ ಕೆಂಪು. ಕಳೆದ ಸೋಮವಾರ ಇಡೀ ದಿನ ಹಸಿರೇ ಇತ್ತು. ಅದೇ ದಿನ ಒಬ್ಬ ಅಜ್ಜಿ ಬೆಳಿಗ್ಗೆ ಬಂದವಳು ಸಂಜೆಯವರೆಗೂ ಬೆಂಚಿನ ಮೇಲೆ ಕೂತು, ಡಾಕ್ಟರನ್ನು ಕಾಣದೆಯೇ ಎದ್ದು ಹೋದಳಂತೆ. ಟೋಕನ್ ಯಂತ್ರ ಅವಳಿಗೆ ಚೀಟಿ ಕೊಟ್ಟಿದೆ. ಅವಳ ವಿವರ ಕಂಪ್ಯೂಟರಿಗೆ ಸೇರಿದೆ. ಡಾಕ್ಟರ ಮುಂದಿನ ಪರದೆಯೂ ಕೆಲಸ ಮಾಡುತ್ತಿತ್ತು. ಅವಳ ಹೆಸರನ್ನು ಮಾತ್ರ ಯಾರೂ ಕೂಗಲಿಲ್ಲ. ಮೇಲಿನವರು ನನ್ನನ್ನು ಕರೆಸಿ ಚೆನ್ನಾಗಿ ಬೈದರು. ನಾನು ನಾಲ್ಕೂ ತಂಡದವರನ್ನು ಕೂರಿಸಿಕೊಂಡು ಕೇಳಿದೆ. 'ನಮ್ಮ ಕಡೆ ಎಲ್ಲ ಸರಿ ಇದೆ ಸಾರ್' ಎಂದರು. ಪರೀಕ್ಷೆ ಮಾಡಿಸಿದೆ. ಯಾರೂ ಸುಳ್ಳು ಹೇಳಿರಲಿಲ್ಲ. ಈಗ ಯಾರನ್ನು ಹಿಡಿಯಲಿ ಗುರುಗಳೇ? ತಪ್ಪು ಮಾಡಿದವನೇ ಸಿಗುತ್ತಿಲ್ಲ."

"ಸಿಗುವುದಿಲ್ಲ ಬಿಡು" ಎಂದರು ಗುರುಗಳು. "ಒಬ್ಬ ವ್ಯಾಪಾರಿಗೂ ಸಿಕ್ಕಿರಲಿಲ್ಲ. ಅವನ ಕತೆ ಹೇಳುತ್ತೇನೆ. ನಡುವೆ ಫೋನು ನೋಡಿದೆಯೋ, ಎದ್ದು ಒಳಗೆ ಹೋಗುತ್ತೇನೆ."

ನಾಗಭೂಷಣ ಫೋನನ್ನು ಚೀಲದೊಳಗೆ ಹಾಕಿದ. ಗುರುಗಳು ಮೊರವನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದರು.

ಒಂದು ಹೊಳೆ. ಹೊಳೆಯ ಈಚೆಗೆ ಗುಡ್ಡದ ಸೀಮೆ, ಆಚೆಗೆ ಬಯಲು ಸೀಮೆ. ಗುಡ್ಡದ ಹೆಣ್ಣುಮಕ್ಕಳನ್ನು ಬಯಲಿಗೆ ಕೊಡುವುದು ಹಿಂದಿನಿಂದ ನಡೆದುಬಂದದ್ದು. ಕೊಟ್ಟ ಮೇಲೆ ವರ್ಷಗಟ್ಟಲೆ ಮುಖ ಕಾಣುವಂತಿಲ್ಲ. ಹೊಳೆ ದೊಡ್ಡದು, ದಾರಿ ದೂರ. ಗೌರಿ ಹಬ್ಬಕ್ಕೆ ತವರಿನಿಂದ ಬರುವ ಮೊರದ ಬಾಗಿನಕ್ಕಾಗಿ ಆ ಹುಡುಗಿಯರು ವರ್ಷವಿಡೀ ಕಾಯುತ್ತಿದ್ದರು.

ಬಾಗಿನ ಅಂದರೆ ನಿನಗೆ ಗೊತ್ತಿದೆ. ಆದರೂ ಹೇಳುತ್ತೇನೆ, ಈಗಿನವರು ಅದನ್ನೂ ಅಂಗಡಿಯಲ್ಲಿ ಕಟ್ಟಿಸಿಕೊಂಡು ಬರುತ್ತೀರಿ. ಎರಡು ಹೊಸ ಮೊರಗಳಿಗೆ ಅರಿಶಿನ ಬಳಿದು ಒಣಗಿಸಬೇಕು. ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ರವಿಕೆಕಣ, ವೀಳ್ಯದೆಲೆ ಎಲ್ಲವನ್ನೂ ಜೋಡಿಸಿ ಇನ್ನೊಂದು ಮೊರವನ್ನು ಮೇಲೆ ಮುಚ್ಚಬೇಕು. ಆ ಸೀಮೆಯಲ್ಲಿ ಇದರ ಜೊತೆಗೆ ಇನ್ನೊಂದು ಪದ್ಧತಿ ಇತ್ತು. ಮುಚ್ಚುವ ಮೊರದ ಒಳಗಡೆ ತಾಯಿ ಕುಂಕುಮದ ನೀರಿನಲ್ಲಿ ಅಂಗೈ ಅದ್ದಿ ಒತ್ತುತ್ತಿದ್ದಳು. ಆಚೆ ದಡದಲ್ಲಿ ಮಗಳು ಮೊರ ಎತ್ತಿದ ಕೂಡಲೇ ಕಾಣುವುದು ತಾಯಿಯ ಕೈ. ಅವಳು ಅದರ ಮೇಲೆ ತನ್ನ ಕೈ ಇಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುವಳು. ಆಮೇಲೆ ತಾಯಿಯ ಕೈಯ ಪಕ್ಕದಲ್ಲಿ ತನ್ನ ಕೈಯನ್ನೂ ಒತ್ತಿ, ಅದೇ ಮೊರಕ್ಕೆ ತನ್ನ ಮನೆಯ ಒಂದು ಹಿಡಿ ಅಕ್ಕಿ ಹಾಕಿ, ತಂದವರ ಕೈಯಲ್ಲೇ ತವರಿಗೆ ಕಳಿಸುವಳು. ಆ ಮೊರ ವಾಪಸು ಬಂದರೆ ತಾಯಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಮಗಳು ಇದ್ದಾಳೆ, ಚೆನ್ನಾಗಿದ್ದಾಳೆ ಎಂದು ತಿಳಿಯುತ್ತಿತ್ತು.

ಗುಡ್ಡದ ಸೀಮೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಎತ್ತಿನ ಮೇಲೆ ಬೆಲ್ಲ ಹೇರಿಕೊಂಡು ಹೊಳೆ ದಾಟಿ ಬಯಲಿಗೆ ಹೋಗಿ ಬರುತ್ತಿದ್ದವನು. ಗಂಡುದಿಕ್ಕಿಲ್ಲದ ಮನೆಯ ತಾಯಂದಿರು, "ಹೇಗೂ ಹೋಗುತ್ತೀಯಪ್ಪ, ನನ್ನ ಮಗಳ ಬಾಗಿನವನ್ನೂ ಒಯ್ಯಿ" ಎಂದು ಕೇಳಿಕೊಂಡರು. ಅವನು ಒಳ್ಳೆಯ ಮನುಷ್ಯ. ಒಯ್ದ. ಪ್ರತಿ ಮನೆಯ ಅಂಗಳದಲ್ಲಿ ಎತ್ತು ನಿಲ್ಲಿಸಿ ಬಾಗಿನವನ್ನು ಮಗಳ ಮಡಿಲಿಗೆ ಇಡುತ್ತಿದ್ದ. ಅವಳು ತಾಯಿಯ ಕೈಯ ಮೇಲೆ ಕೈ ಇಟ್ಟು ನಿಂತಾಗ, ಇವನು ಮುಖ ಆಚೆ ತಿರುಗಿಸಿಕೊಂಡು ಎತ್ತಿನ ಹಗ್ಗ ಸರಿಮಾಡುತ್ತಿದ್ದ. ಮರಳಿ ಬಂದು ಮೊರ ಕೊಡುವಾಗ ಮಗಳು ಆಡಿದ ಮಾತನ್ನು ಆಡಿದ ಹಾಗೇ ತಾಯಿಗೆ ಹೇಳುತ್ತಿದ್ದ.

ಇಂಥವನು ಇದ್ದಾನೆ ಎಂದು ಗೊತ್ತಾದರೆ ಜನ ಬಿಡುತ್ತಾರೆಯೇ? ವರ್ಷದಿಂದ ವರ್ಷಕ್ಕೆ ಬಾಗಿನಗಳು ಹೆಚ್ಚಿದವು. ಗಂಡುಮಕ್ಕಳಿರುವ ಮನೆಯವರೂ ಅವನಿಗೇ ಕೊಡತೊಡಗಿದರು. ಎತ್ತುಗಳು ಹೆಚ್ಚಿದವು, ಆಳುಗಳು ಹೆಚ್ಚಿದರು. ಜೊತೆಗೆ ದೂರುಗಳೂ ಬಂದವು. ಒಂದು ಸಲ ತೆಂಗಿನಕಾಯಿ ಉರುಳಿ ಬಳೆ ಒಡೆದವು. ಹಬ್ಬದ ದಿನ ಒಡೆದ ಬಳೆ ಕಂಡು ಹುಡುಗಿ ಹೌಹಾರಿದಳು. ಅವಳ ತಾಯಿ ವ್ಯಾಪಾರಿಯ ಜಗಲಿಗೆ ಬಂದು ಹಿಡಿಶಾಪ ಹಾಕಿದಳು. ಅವನಿಗೆ ಊಟ ಸೇರಲಿಲ್ಲ. ಮುಂದಿನ ವರ್ಷ ಬಳೆಗೆಂದೇ ಬೇರೆ ತಂಡ ಮಾಡಿದ. ಅವರು ಬಳೆಗಳನ್ನು ಹತ್ತಿಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ಮೆಲ್ಲಗೆ ನಡೆಯುವರು. ಇನ್ನೊಂದು ಸಲ ಅಕ್ಕಿ ಮಳೆಯಲ್ಲಿ ನೆನೆಯಿತು. ಕಾಳಿಗೆ ಮುಚ್ಚುಗಾಡಿ ಮಾಡಿಸಿದ. ವೀಳ್ಯದೆಲೆ ಬಾಡಿತೆಂದರು. ಅದಕ್ಕೆ ಓಡುವ ಜನರನ್ನು ಇಟ್ಟ. ಬಟ್ಟೆಗೆ ಕುಂಕುಮದ ಕಲೆಯಾಯಿತೆಂದಾಗ ಬಟ್ಟೆಯೂ ಬೇರೆಯಾಯಿತು. ಒಂದೊಂದು ತಂಡಕ್ಕೂ ಒಬ್ಬ ಮೇಸ್ತ್ರಿ. ಇಲ್ಲಿಯವರೆಗೆ ಅವನು ಮಾಡಿದ್ದರಲ್ಲಿ ತಪ್ಪು ಹುಡುಕಬೇಡ ನಾಗಭೂಷಣ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಹೀಗೆ ಎಲ್ಲವನ್ನೂ ಬೇರೆ ಬೇರೆ ಮಾಡಿದ ಮೊದಲ ವರ್ಷ, ತಾಯಂದಿರು ತಂದುಕೊಟ್ಟ ಬಾಗಿನಗಳನ್ನು ವ್ಯಾಪಾರಿಯ ಅಂಗಳದಲ್ಲಿ ಬಿಚ್ಚಿದರು. ಬಳೆ ಬಳೆಯವರಿಗೆ ಹೋಯಿತು, ಕಾಳು ಕಾಳಿನವರಿಗೆ ಹೋಯಿತು. ಕೊನೆಗೆ ಅಂಗಳದಲ್ಲಿ ಮೊರಗಳು ಉಳಿದವು.

"ಇವನ್ನು ಯಾರು ಒಯ್ಯುತ್ತೀರಿ?" ಎಂದ ವ್ಯಾಪಾರಿ.

"ಶಿವ ಶಿವಾ! ಬರಿ ಮೊರ ಹೊತ್ತುಕೊಂಡು ಮುತ್ತೈದೆಯ ಬಾಗಿಲಿಗೆ ಹೋಗುವುದೇ? ನನ್ನ ಕೈಯಲ್ಲಿ ಆಗದು ಧಣಿ" ಎಂದ ಬಳೆಯ ಮೇಸ್ತ್ರಿ. ಉಳಿದವರೂ ಬೇಡವೆಂದು ಕೈ ಅಲ್ಲಾಡಿಸಿಬಿಟ್ಟರು.

ಅವರು ಹೇಳಿದ್ದರಲ್ಲೂ ನ್ಯಾಯ ಇತ್ತು. ಖಾಲಿ ಮೊರ ಎದುರಾದರೆ ಹೊರಟವರು ಮನೆಗೆ ತಿರುಗುವ ಸೀಮೆ ಅದು. ಹಾಗೆಂದು ಬಿಸಾಡುವಂತೆಯೂ ಇಲ್ಲ. ಅರಿಶಿನ ಹಚ್ಚಿದ ಮೊರ, ಕಾಲಿಗೆ ಸಿಕ್ಕರೆ ಪಾಪ. ಅಷ್ಟರಲ್ಲಿ ದೋಣಿ ಹೊರಡುವ ಹೊತ್ತಾಯಿತು. ಎಲೆಯ ತಂಡದವರು ಬಾಡುತ್ತದೆ ಬಾಡುತ್ತದೆ ಎಂದು ಕುಣಿಯುತ್ತಿದ್ದರು. ವ್ಯಾಪಾರಿ, "ಸದ್ಯಕ್ಕೆ ಹಿತ್ತಲ ಕೊಟ್ಟಿಗೆಯಲ್ಲಿ ಎತ್ತಿಡಿ, ಆಮೇಲೆ ನೋಡೋಣ" ಎಂದ.

ಆಮೇಲೆ ಅವನು ನೋಡಲಿಲ್ಲ, ಮರೆತೇಬಿಟ್ಟ. ಅಂಗಳದ ಆಳುಗಳು ಮಾತ್ರ ಧಣಿಯ ಮಾತನ್ನು ಮರೆಯಲಿಲ್ಲ. ಪ್ರತಿ ಗೌರಿಗೂ ಮೊರಗಳನ್ನು ಕೊಟ್ಟಿಗೆಗೆ ಒಯ್ದು ಅಚ್ಚುಕಟ್ಟಾಗಿ ಜೋಡಿಸಿ ಬಾಗಿಲು ಹಾಕುತ್ತಿದ್ದರು. ಮನೆಯ ಹೆಂಗಸರು ಆ ಕಡೆ ಹಾಯುತ್ತಿರಲಿಲ್ಲ.

ಆ ಮೊದಲ ವರ್ಷ ಒಂದು ಬಳೆಯೂ ಒಡೆಯಲಿಲ್ಲ. ಎಲೆ ಬಾಡಲಿಲ್ಲ. ವ್ಯಾಪಾರಿಗೆ ಎಷ್ಟು ಸಂತೋಷವಾಯಿತೆಂದರೆ ಒಂದು ಹೊಸ ಪದ್ಧತಿಯನ್ನೇ ಹಾಕಿದ. ಯಾವ ತಂಡ ಒಂದೂ ತಪ್ಪಿಲ್ಲದೆ ಮರಳುತ್ತದೆಯೋ ಆ ತಂಡದ ಮೇಸ್ತ್ರಿ ಧಣಿಯ ಮನೆ ಬಾಗಿಲಿಗೆ ಒಂದು ಕೊಂಬೆ ಮಾವಿನ ಸೊಪ್ಪು ಸಿಕ್ಕಿಸಬೇಕು. ಹಬ್ಬ ಮುಗಿಯುವ ಹೊತ್ತಿಗೆ ಬಾಗಿಲ ತುಂಬ ಹಸಿರು. ಜಗಲಿಯ ಮೇಲೆ ಕೂತು ಅದನ್ನು ನೋಡುತ್ತಾ ಅವನು ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ.

ನಾಗಭೂಷಣ ನಕ್ಕುಬಿಟ್ಟ. "ನಮ್ಮ ಪರದೆಯ ಹಾಗೇ ಆಯಿತಲ್ಲ ಗುರುಗಳೇ" ಎಂದ.

"ನಗು, ನಗು. ಮುಂದೆ ಕೇಳಿದ ಮೇಲೂ ನಗು ಬಂದರೆ ನಿನ್ನ ಎದೆ ಗಟ್ಟಿ ಎಂದುಕೊಳ್ಳುತ್ತೇನೆ."

ವ್ಯಾಪಾರಿಗೆ ಒಬ್ಬಳೇ ಮಗಳು. ಅವಳಿಗೂ ಬಯಲು ಸೀಮೆಯ ಸಂಬಂಧವೇ ಕೂಡಿಬಂತು. ಹುಡುಗನನ್ನು ಅವಳು ಮೆಚ್ಚಿದಳು, ಅಪ್ಪನೂ ಒಪ್ಪಿದ. ತಾಯಿಗೆ ಮಾತ್ರ ಇಷ್ಟವಿರಲಿಲ್ಲ. ಪಕ್ಕದ ಊರಿನಲ್ಲೇ ಕೊಟ್ಟು ಮಗಳನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ಆಸೆ. ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ತಾಯಿಗೆ ಸಂಕಟ ತಡೆಯಲಾಗಲಿಲ್ಲ. ಸಂಕಟ ಬಾಯಿಗೆ ಬರುವಾಗ ಸಿಟ್ಟಾಗಿ ಬಂತು. "ಹೊಳೆ ದಾಟಿ ಹೋಗುವವಳು ನನಗೆ ಮಗಳೇ ಅಲ್ಲ, ಹೋಗು" ಎಂದುಬಿಟ್ಟಳು. ಮಗಳು ತಿರುಗಿ ನೋಡದೆ ದೋಣಿ ಹತ್ತಿದಳು.

ದೋಣಿ ಮರೆಯಾಗುವ ಮೊದಲೇ ತಾಯಿ ತನ್ನ ಬಾಯನ್ನು ತಾನೇ ಬೈದುಕೊಂಡಳು. ಆಡಿದ ಮಾತು ಹೊಳೆಯ ಆಚೆಗೆ ಹೋಗಿ ಆಗಿತ್ತು. ಅದನ್ನು ತಿದ್ದಲು ಅವಳ ಬಳಿ ಇದ್ದದ್ದು ಗೌರಿಯ ಬಾಗಿನ ಒಂದೇ. ಆ ವರ್ಷ ಅವಳು ಮೊರಕ್ಕೆ ಕೈ ಒತ್ತುವ ಮೊದಲು ತುಂಬ ಹೊತ್ತು ಕೂತಿದ್ದಳು. ಚಿಕ್ಕಂದಿನಲ್ಲಿ ಒರಳಿಗೆ ಸಿಕ್ಕಿ ಅವಳ ಬಲಗೈಯ ಕಿರುಬೆರಳು ಸೊಟ್ಟಗಾಗಿತ್ತು. ಯಾವ ಮಗಳೂ ತಪ್ಪು ತಿಳಿಯಲಾರದಂಥ ಕೈ ಅದು. ಚೆನ್ನಾಗಿ ಅದ್ದಿ, ಊರಿ ಒತ್ತಿದಳು. ಬಾಗಿನವನ್ನು ಗಂಡನ ಅಂಗಳದಲ್ಲಿ ಇಟ್ಟು, "ಈ ಸಲ ನೀವೇ ಹೋಗಿ ಬನ್ನಿ" ಎಂದಳು.

"ನಾನೇಕೆ? ಎಲ್ಲ ಸರಿಯಾಗಿ ನಡೆಯುತ್ತಿದೆಯಲ್ಲ" ಎಂದ ಅವನು.

ಮೇಸ್ತ್ರಿಗಳು ಮರಳಿ ಬಂದರು. ಬಾಗಿಲಿಗೆ ಸೊಪ್ಪು ಸಿಕ್ಕಿಸಿದರು. ತಾಯಿ ಒಳಗಿನಿಂದಲೇ ಕೇಳಿದಳು, ಮಗಳು ಏನೆಂದಳು? ಬಳೆಯ ಮೇಸ್ತ್ರಿ, ಬಳೆ ಅಳತೆಗೆ ಸರಿಹೋಯಿತು ಎಂದ. ಕಾಳಿನ ಮೇಸ್ತ್ರಿ, ಅಕ್ಕಿ ಅಳೆದುಕೊಟ್ಟೆ ಎಂದ. ಮೊರ ಕೊಟ್ಟಳೇ ಎಂದು ಕೇಳಿದಳು. "ನನ್ನ ಕೈಗೆ ಮೊರ ಯಾರೂ ಕೊಡಲಿಲ್ಲ ತಾಯಿ" ಎಂದು ಎಲ್ಲರೂ ಹೇಳಿದರು. ಅದು ಸತ್ಯವೇ ಆಗಿತ್ತು.

ತಾಯಿ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಮಗಳು ಮೊರವನ್ನು ವಾಪಸು ಕಳಿಸಿಲ್ಲ. ಅಂದರೆ ಸಿಟ್ಟು ಇಳಿದಿಲ್ಲ. ಹಾಗೆಂದೇ ಅವಳು ತಿಳಿದಳು. ಬೇರೆ ತಾಯಂದಿರಿಗೂ ಹಾಗೇ ಆಗಿತ್ತು. ಬಯಲಿಗೆ ಹೋದ ಹುಡುಗಿಯರಿಗೆ ಈಗೀಗ ಕೊಬ್ಬು ಎಂದು ಊರಿನಲ್ಲಿ ಮಾತೇ ಆಯಿತು. ತಾಯಂದಿರು ಬಾಯಲ್ಲಿ ಹಾಗೆ ಬೈದು, ಮುಂದಿನ ಗೌರಿಗೆ ಮತ್ತೆ ಕುಂಕುಮ ಕಲಸಿ ಕೈ ಒತ್ತುತ್ತಿದ್ದರು.

ವರ್ಷಗಳು ಹೋದವು. ವ್ಯಾಪಾರಿಯ ಹೆಂಡತಿ ಒಂದು ಗೌರಿಯನ್ನೂ ತಪ್ಪಿಸಲಿಲ್ಲ. ಸೊಪ್ಪು ಬಂತು, ಮೊರ ಬರಲಿಲ್ಲ. ಅವಳು ಸೊರಗಿದಳು. ಒಂದು ವರ್ಷ ಶ್ರಾವಣದಲ್ಲೇ ಹಾಸಿಗೆ ಹಿಡಿದಳು. ಏಳಲಾಗದಿದ್ದರೂ ಗೋಡೆಗೆ ಒರಗಿ ಕೂತು ಮೊರಕ್ಕೆ ಅರಿಶಿನ ಬಳಿದಳು, ನಡುಗುವ ಕೈ ಅದ್ದಿ ಒತ್ತಿದಳು. ಮೇಸ್ತ್ರಿಗಳು ಹೋಗಿ ಬಂದರು. ಕೊನೆಯ ಕೊಂಬೆ ಸಿಕ್ಕಿಸುವ ಸದ್ದು ಕೇಳಿ ಅವಳು ಗಂಡನನ್ನು ಹತ್ತಿರ ಕರೆದಳು.

"ಮೊರ ಬಂತೇ?"

"ಇಲ್ಲ. ಆದರೆ ನೋಡು, ಈ ಸಲವೂ ಒಂದು ಬಳೆ ಸಹ ಒಡೆದಿಲ್ಲ" ಎಂದ ಗಂಡ. ಅವಳಿಗೆ ಸಮಾಧಾನವಾಗಲಿ ಎಂದೇ ಹಾಗೆ ಹೇಳಿದ, ಪಾಪ.

ಅವಳು ಗೋಡೆಯ ಕಡೆ ಹೊರಳಿಕೊಂಡಳು. ಅದೇ ವಾರ ಹೋಗಿಬಿಟ್ಟಳು. ಬಾಗಿಲಿನಲ್ಲಿದ್ದ ಮಾವಿನ ಸೊಪ್ಪನ್ನು ನೆರೆಯವರು ಬಂದು ಕಿತ್ತು ಹಾಕಬೇಕಾಯಿತು.

ಹೊಳೆ ತುಂಬಿ ಹರಿಯುತ್ತಿತ್ತು, ದೋಣಿ ಬಿಡಲಿಲ್ಲ. ಮಗಳಿಗೆ ಸುದ್ದಿ ಮುಟ್ಟಲಿಲ್ಲ. ಕರ್ಮಾಂತರ ಕಳೆದು ಹೊಳೆ ಇಳಿಯಿತು. ಸುದ್ದಿ ಹೇಳುವವರು ಯಾರು? ಬಳೆಯವನು ಸಾವಿನ ಸುದ್ದಿ ಒಯ್ಯುವಂತಿಲ್ಲ. ಎಲೆಯವನು ಒಯ್ಯುವಂತಿಲ್ಲ. ವ್ಯಾಪಾರಿ ತಾನೇ ಹೊರಟ. ಅವನ ಅಕ್ಕ, ದೊಡ್ಡವಳು, ತಡೆದು ನಿಲ್ಲಿಸಿದಳು. "ತಾಯಿ ಇಲ್ಲದ ತವರಿನಿಂದ ಬರಿಗೈಯಲ್ಲಿ ಹೋಗಬೇಡ ಕಣೋ. ಒಂದು ಮೊರದಲ್ಲಿ ಅಕ್ಕಿ ಬೆಲ್ಲ ಇಟ್ಟುಕೊಂಡು ಹೋಗು" ಎಂದಳು.

ಮನೆಯಲ್ಲಿ ಹೊಸ ಮೊರ ಇರಲಿಲ್ಲ. ಹಿತ್ತಲ ಕೊಟ್ಟಿಗೆಯಲ್ಲಿ ಇವೆ ಎಂದು ಆಳು ಹೇಳಿದ. ವ್ಯಾಪಾರಿ ಹೋಗಿ ಬಾಗಿಲು ತೆಗೆದ.

ನೆಲದಿಂದ ಸೂರಿನವರೆಗೆ ಮೊರಗಳು. ಒಂದನ್ನು ಎಳೆದ. ಒಳಗೆ ಒಂದು ಕೈ. ಇನ್ನೊಂದನ್ನು ಎಳೆದ. ಅದರಲ್ಲೂ ಕೈ. ಮಾಸಿದ ಕೈ, ಗೆದ್ದಲು ತಿಂದ ಕೈ, ನಿನ್ನೆ ಒತ್ತಿದಂತೆ ಕೆಂಪಾಗಿರುವ ಕೈ. ಇಡೀ ಸೀಮೆಯ ತಾಯಂದಿರ ಕೈಗಳು ಅವನ ಕೊಟ್ಟಿಗೆಯಲ್ಲಿದ್ದವು. ಅವನು ಹುಚ್ಚನಂತೆ ಒಂದೊಂದನ್ನೇ ತೆಗೆದು ಬೆಳಕಿಗೆ ಹಿಡಿದ. ಕಿರುಬೆರಳು ಸೊಟ್ಟಗಿರುವ ಕೈ ಸಿಕ್ಕಿತು. ಮಗಳ ಮದುವೆಯಾದ ವರ್ಷದ್ದು. ಮತ್ತೆ ಸಿಕ್ಕಿತು. ಮತ್ತೆ. ಒಂದು ವರ್ಷದ್ದೂ ತಪ್ಪಿರಲಿಲ್ಲ. ಅವನು ಅವುಗಳ ನಡುವೆ ಕೂತು ಹೆಂಡತಿಯ ಹೆಸರು ಹಿಡಿದು ಕೂಗಿ ಅತ್ತ.

ಆಮೇಲೆ ಆ ಮೊರಗಳನ್ನು ಪಂಚೆಯಲ್ಲಿ ಕಟ್ಟಿ, ತಲೆಯ ಮೇಲೆ ಹೊತ್ತು, ಹೊಳೆ ದಾಟಿದ. ಬರಿ ಮೊರ ಹೊತ್ತವನನ್ನು ಕಂಡು ದೋಣಿಯ ಜನ ಸರಿದು ಕೂತರು. ಅವನು ಅದನ್ನು ಗಮನಿಸಲಿಲ್ಲ.

ಮಗಳು ಬಾಗಿಲಲ್ಲಿ ನಿಂತಿದ್ದಳು. ಅಪ್ಪನನ್ನು ನೋಡಿ ಅಂಗಳಕ್ಕೆ ಓಡಿ ಬಂದಳು. ಕಾಲಿಗೆ ನೀರು ಕೊಡುವುದನ್ನೂ ಮರೆತಳು.

"ಈಗ ಬಂದೆಯಾ ಅಪ್ಪಯ್ಯ? ಪ್ರತಿ ವರ್ಷ ಎಲ್ಲ ಬರುತ್ತಿತ್ತು. ಒಂದು ದಿನ ಬಳೆ, ಇನ್ನೊಂದು ದಿನ ಅಕ್ಕಿ. ಮೊರ ಎಲ್ಲಿ ಎಂದು ಕೇಳಿದರೆ, ಅದು ನನ್ನ ಪಾಲಿನದಲ್ಲ, ಹಿಂದೆ ಬರುವವರು ತಂದಾರು ಎನ್ನುತ್ತಿದ್ದರು. ಎಲ್ಲರೂ ಬಂದು ಹೋದ ಮೇಲೂ ದೀಪ ಹಚ್ಚುವವರೆಗೆ ಇಲ್ಲೇ ನಿಂತಿರುತ್ತಿದ್ದೆ. ಇನ್ನೊಬ್ಬರು ಬರಬೇಕಿತ್ತು ಎಂದು ಕಾಯುತ್ತಿದ್ದೆ. ಅವ್ವನ ಸಿಟ್ಟು ಇನ್ನೂ ಇಳಿಯಲಿಲ್ಲವಾ?"

ಅಪ್ಪ ಗಂಟು ಬಿಚ್ಚಿ, ಮೊರಗಳನ್ನು ಜಗಲಿಯ ಮೇಲೆ ಒಂದೊಂದಾಗಿ ಇಟ್ಟ. ಮಗಳು ಮೊದಲನೆಯದನ್ನು ಎತ್ತಿದಳು. ಸೊಟ್ಟ ಬೆರಳು ಕಂಡು ಅವಳ ಮುಖ ಅರಳಿತು. "ಅವ್ವ!" ಎಂದಳು. ಅದರ ಮೇಲೆ ಕೈ ಇಟ್ಟು ನಿಂತಳು. ಎರಡನೆಯದರ ಮೇಲೂ ಇಟ್ಟಳು. ಹಾಗೇ ಎಲ್ಲವನ್ನೂ ಮುಟ್ಟುತ್ತಾ ಕೊನೆಯದಕ್ಕೆ ಬಂದಳು. ಕೊನೆಯದರಲ್ಲಿ ಬೆರಳುಗಳು ಅಲುಗಿದ್ದವು, ಅಂಗೈ ಅರ್ಧವೇ ಒತ್ತಿತ್ತು. ಅದನ್ನು ನೋಡಿದಳು. ಅಪ್ಪನ ಬೋಳಿಸಿದ ತಲೆಯನ್ನೂ ಆಗಲೇ ಸರಿಯಾಗಿ ನೋಡಿದಳು.

ಅವಳು ಕೂಗಲಿಲ್ಲ. ಒಳಗೆ ಹೋದಳು. ಹೊರಗೆ ಬಂದಾಗ ಅವಳ ಅಂಗೈ ಕುಂಕುಮದಿಂದ ಕೆಂಪಾಗಿತ್ತು. ಕೊನೆಯ ಮೊರದಲ್ಲಿ ತಾಯಿಯ ಕೈಯ ಪಕ್ಕ ತನ್ನ ಕೈ ಒತ್ತಿದಳು. ಒಂದು ಹಿಡಿ ಅಕ್ಕಿ ಹಾಕಿದಳು. ಮೊರ ಹಿಡಿದುಕೊಂಡು ಅಪ್ಪನ ಮುಂದೆ ನಿಂತಳು.

"ಇದನ್ನು ಯಾರಿಗೆ ಕಳಿಸಲಿ ಅಪ್ಪಯ್ಯ?"



ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಹೊರಗೆ ಯಾರೋ ಬಾವಿಯಲ್ಲಿ ನೀರು ಸೇದುತ್ತಿದ್ದರು. ನಾಗಭೂಷಣ ಕಣ್ಣು ಒರೆಸಿಕೊಂಡ.

"ಆಮೇಲೆ ಏನು ಮಾಡಿದ ಗುರುಗಳೇ? ಮೇಸ್ತ್ರಿಗಳನ್ನು ಬಿಡಿಸಿದನೇ?"

"ಅವರನ್ನೇಕೆ ಬಿಡಿಸುತ್ತಾನೆ? ಬಳೆ ಒಡೆಯದ ಹಾಗೆ ಒಯ್ಯುವುದು ಅವರಿಗೆ ಗೊತ್ತಿತ್ತು. ಅದು ಸಣ್ಣ ಕೆಲಸವೇನಲ್ಲ. ಮುಂದಿನ ಗೌರಿಗೆ ಅವರೆಲ್ಲ ತಮ್ಮ ತಮ್ಮ ದಾರಿಯಲ್ಲೇ ಹೊಳೆ ದಾಟಿದರು. ಆಚೆ ದಡದಲ್ಲಿ ವ್ಯಾಪಾರಿ ಮೊರಗಳನ್ನು ಇಟ್ಟುಕೊಂಡು ಕಾದಿದ್ದ. ಎಲ್ಲವನ್ನೂ ಅಲ್ಲಿ ಮತ್ತೆ ಒಂದು ಮೊರಕ್ಕೆ ಸೇರಿಸಿ, ತಾಯಿಯ ಕೈ ಇದ್ದ ಮೊರವನ್ನು ಮುಚ್ಚಿ, ಒಂದೊಂದು ಬಾಗಿನವನ್ನೂ ಒಬ್ಬೊಬ್ಬರ ಕೈಯಲ್ಲಿ ಮಗಳ ಬಾಗಿಲವರೆಗೆ ಕಳಿಸಿದ. ಹೋದವನು ಮೊರವನ್ನೂ ಮಗಳ ಮಾತನ್ನೂ ತರದೆ ಮರಳುವಂತಿರಲಿಲ್ಲ. ಮಾವಿನ ಸೊಪ್ಪು ಸಿಕ್ಕಿಸುವುದನ್ನು ನಿಲ್ಲಿಸಿದ. ಯಾರಾದರೂ ಬಂದು ಕೆಲಸ ಸರಿಯಾಯಿತು ಧಣಿ ಎಂದರೆ, ಮಗಳು ಏನೆಂದಳು ಎಂದು ಕೇಳುತ್ತಿದ್ದ. ಕೊಟ್ಟಿಗೆಯಲ್ಲಿ ಉಳಿದಿದ್ದ ಹಳೆಯ ಮೊರಗಳನ್ನು ತಾನೇ ಹೊತ್ತು ಮನೆ ಮನೆಗೆ ಮುಟ್ಟಿಸಿದ. ಕೆಲವು ಮನೆಗಳಲ್ಲಿ ಇಸಿದುಕೊಳ್ಳುವ ಮಗಳೇ ಇರಲಿಲ್ಲ. ಅಂಥ ಮೊರಗಳನ್ನು ಮತ್ತೆ ಹೊತ್ತು ತಂದ."

ನಾಗಭೂಷಣ ನೆಟ್ಟಗೆ ಕೂತ. ಅವನ ಮುಖ ಬೆಳಗಿತ್ತು.

"ತಿಳಿಯಿತು ಗುರುಗಳೇ. ನಮ್ಮಲ್ಲಿ ಮೊರವೇ ಇಲ್ಲ. ನಾಲ್ಕು ತಂಡಗಳನ್ನೂ ಕೂಡಿಸುವ ಐದನೆಯ ತಂಡ ಒಂದು ಬೇಕು. ನಾಳೆಯೇ ಜನರನ್ನು ಹಾಕುತ್ತೇನೆ. ಪರದೆಯ ಮೇಲೆ ಅದಕ್ಕೂ ಒಂದು ದೀಪ ಇಡಿಸಿದರೆ, ಯಾವ ಹೊತ್ತಿನಲ್ಲಿ ನೋಡಿದರೂ ನನಗೆ…"

ಗುರುಗಳು ಅವರೆಕಾಳಿನ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ತಲೆ ಎತ್ತದೆ ಕೇಳಿದರು.

"ಅದಿರಲಿ ನಾಗಭೂಷಣ, ಆ ಅಜ್ಜಿಗೆ ಏನಾಗಿತ್ತು?"

ನಾಗಭೂಷಣನಿಗೆ ಗೊತ್ತಿರಲಿಲ್ಲ.